ಗಂಟೆ ಎಲ್ಲಿಂದ ಶುರು

ಕೊಚ್ಕೊರ್ ಪೇಟೆಯ ಬುರುಲ್‌ಗೆ ಬೆಸುಗೆ ಹಾಕುವುದು ಎಷ್ಟು ಚೆನ್ನಾಗಿ ಗೊತ್ತಿತ್ತೋ, ಅದಕ್ಕೆ ಬೆಲೆ ಹೇಳುವುದು ಅಷ್ಟು ಗೊತ್ತಿರಲಿಲ್ಲ. ಅವಳ ಗಂಡ ಕೆಂಜೆಬೆಕ್‌ಗೆ ಎರಡೂ ಗೊತ್ತಿರಲಿಲ್ಲ. ಆದರೂ ಬೆಲೆ ಹೇಳುವ ಕೆಲಸ ಹೇಗೋ ಅವನ ಪಾಲಿಗೇ ಬಂದುಬಿಟ್ಟಿತ್ತು.

ಬುರುಲ್ ರಷ್ಯಾದ ಒಂದು ರೈಲು ಡಬ್ಬಿ ಕಾರ್ಖಾನೆಯಲ್ಲಿ ಆರು ವರ್ಷ ದುಡಿದು ಬಂದವಳು. ಅಲ್ಲಿ ಉಳಿಸಿದ ದುಡ್ಡಿನಲ್ಲಿ ಒಂದು ಹಳೆಯ ವ್ಯಾನು, ಒಂದು ಡೀಸೆಲ್ ಜನರೇಟರು, ಒಂದು ಒಳ್ಳೆಯ ವೆಲ್ಡಿಂಗ್ ಯಂತ್ರ ಕೊಂಡಳು. ಟ್ರಾಕ್ಟರು ಮುರಿದವರು ಅದನ್ನು ಪೇಟೆಗೆ ಎಳೆದು ತರುವ ಬದಲು ಪೇಟೆಯೇ ಅವರ ಅಂಗಳಕ್ಕೆ ಹೋದರೆ ಹೇಗೆ ಎಂಬುದು ಅವಳ ಯೋಚನೆ. ಯೋಚನೆ ಫಲಿಸಿತು. ಕಣಿವೆಯ ಎಲ್ಲ ಹಳ್ಳಿಗಳಿಂದಲೂ ಫೋನು ಬರತೊಡಗಿತು. ವ್ಯಾನು ಓಡಿಸುವವನು ಕೆಂಜೆಬೆಕ್. ಇವಳು ಮುಖವಾಡ ಇಳಿಸಿಕೊಂಡು ಯಾರದೋ ಗಾಡಿಯಡಿ ಮಲಗಿದ್ದರೆ, ಅವನು ಆ ಮನೆಯ ಯಜಮಾನನ ಜೊತೆ ಚಹಾ ಕುಡಿಯುತ್ತ ಕೂರುತ್ತಿದ್ದ. ಮೂರನೆಯ ಬಟ್ಟಲಿನ ಹೊತ್ತಿಗೆ ಅವರ ಏಳು ತಲೆಮಾರು ಕೆದಕಿ, ಎಲ್ಲೋ ಒಂದು ಕಡೆ ತನ್ನ ಅಜ್ಜಿಯ ಕಡೆಯ ನಂಟನ್ನು ಹಚ್ಚಿಬಿಡುತ್ತಿದ್ದ. ನಂಟರ ಹತ್ತಿರ ದುಡ್ಡು ಕೇಳುವುದು ಹೇಗೆ? "ಮನಸ್ಸಿಗೆ ಬಂದಷ್ಟು ಕೊಡಿ ಅಣ್ಣಾ, ನಾವೇನು ಹೊರಗಿನವರಾ?" ಎಂದುಬಿಡುತ್ತಿದ್ದ.

ಏಪ್ರಿಲಿನಲ್ಲಿ ಒಂದು ದಿನ ಬಿತ್ತನೆ ಯಂತ್ರವೊಂದಕ್ಕೆ ನಾಲ್ಕು ಗಂಟೆ ಬೆಸುಗೆ ಹಾಕಿ ಹಿಂದಿರುಗುವಾಗ ವ್ಯಾನಿನ ಹಿಂಬದಿಯಲ್ಲಿ ಅರ್ಧ ಚೀಲ ಆಲೂಗಡ್ಡೆ, ಒಂದು ಡಬ್ಬಿ ಬೆಣ್ಣೆ, ಕಾಲು ಕಟ್ಟಿದ ಒಂದು ಹುಂಜ ಇದ್ದವು. ಹುಂಜ ದಾರಿಯುದ್ದಕ್ಕೂ ಕೂಗಿತು.

"ಕೆಂಜೆ," ಎಂದಳು ಬುರುಲ್, "ಡೀಸೆಲ್ ಟ್ಯಾಂಕಿಗೆ ಈ ಹುಂಜ ಹಾಕಿದ್ರೆ ವ್ಯಾನು ಓಡುತ್ತಾ?"

"ಒಳ್ಳೆ ಜಾತಿ ಹುಂಜ ಕಣೇ ಅದು."

"ಕಾರ್ಖಾನೇಲಿ ನಂಗೆ ಗಂಟೆ ಲೆಕ್ಕದಲ್ಲಿ ಸಂಬಳ ಕೊಡ್ತಿದ್ರು. ಇನ್ಮೇಲೆ ನಾನೂ ಹಾಗೇ ಕೇಳ್ತೀನಿ. ಗಂಟೆಗೆ ಇಷ್ಟು ಅಂತ."

ಕೆಂಜೆಬೆಕ್ ನಕ್ಕ ರಭಸಕ್ಕೆ ವ್ಯಾನು ರಸ್ತೆಯ ಅಂಚಿಗೆ ಹೋಗಿ ಬಂತು. "ಗಂಟೆ ಲೆಕ್ಕಾನಾ? ನಾವೇನು ಉಗಿ ಸ್ನಾನದ ಮನೆ ಇಟ್ಟಿದೀವಾ? ಟೈಮ್ ಆಯ್ತು, ಹೊರಗೆ ಬನ್ನಿ ಅಂತ ಬಾಗಿಲು ಬಡಿಯೋಕೆ?"

ಬುರುಲ್ ನಗಲಿಲ್ಲ. ಆ ವಾರವೆಲ್ಲ ಯೋಚಿಸಿದಳು. ಬೆಸುಗೆಯ ಕಡ್ಡಿ ಎಷ್ಟು ಸುಡುತ್ತದೆ, ಜನರೇಟರು ಎಷ್ಟು ಕುಡಿಯುತ್ತದೆ, ಹಿಂದಿನ ಚಳಿಗಾಲ ಬೆಸುಗೆಯ ಬೆಳಕಿಗೆ ಮೂರು ದಿನ ಕಣ್ಣು ಊದಿ ಕತ್ತಲೆಯಲ್ಲಿ ಮಲಗಿದ್ದು ಯಾವ ಲೆಕ್ಕಕ್ಕೆ ಸೇರಬೇಕು. ಕೊನೆಗೆ ಗಂಟೆಗೆ ಸಾವಿರದ ಇನ್ನೂರು ಸೋಮ್ ಎಂಬಲ್ಲಿಗೆ ಬಂದು ನಿಂತಳು. ವ್ಯಾನಿನ ಬಾಗಿಲ ಮೇಲೆ ನೀಲಿ ಬಣ್ಣದಲ್ಲಿ ಅದನ್ನೇ ಬರೆದಳು. ಕೆಂಜೆಬೆಕ್ ಬಣ್ಣದ ಡಬ್ಬಿ ಹಿಡಿದು ನಿಂತಿದ್ದ.

ಮೊದಲು ಕರೆದವನು ಜಕ್ಷಿಲಿಕ್, ಇಪ್ಪತ್ತು ಹಸು ಸಾಕಿದ್ದ ಜಾಣ. ಅವನ ಹುಲ್ಲು ಸಾಗಿಸುವ ಗಾಡಿಯ ಅಚ್ಚು ಬಿರುಕು ಬಿಟ್ಟಿತ್ತು. ಇವರು ಹೋಗುವಷ್ಟರಲ್ಲಿ ಅವನು ಗಾಡಿಯನ್ನು ಮಗುಚಿ ಹಾಕಿ, ತುಕ್ಕು ಕೆರೆದು, ಕಬ್ಬಿಣ ಹೊಳೆಯುವಂತೆ ಮಾಡಿಟ್ಟಿದ್ದ. ಕೈಯಲ್ಲಿ ಫೋನಿನ ಗಡಿಯಾರ.

"ಶುರು ಮಾಡ್ಕೊಳ್ಳಿ ಅಕ್ಕಾ, ಗಡಿಯಾರ ಒತ್ತಿದೀನಿ!"

ಅವನ ಹೆಂಡತಿ ಬಾಗಿಲಿಗೆ ಬಂದು, "ಒಂದು ಬಟ್ಟಲು ಚಹಾನಾದ್ರೂ..." ಎಂದಳು.

"ಸುಮ್ನಿರೇ! ಚಹಾ ಕುಡಿಯೋಕೆ ಇನ್ನೂರು ಸೋಮ್ ಆಗುತ್ತೆ. ಮಾತಾಡಿಸಬೇಡ, ಅವರ ಕೈ ನಿಲ್ಲುತ್ತೆ."

ಬುರುಲ್‌ಳ ಕೈ ನಿಲ್ಲುವಂಥದ್ದಲ್ಲ. ಮೂವತ್ತೈದು ನಿಮಿಷದಲ್ಲಿ ಮುಗಿಸಿದಳು. ಬೇರೆ ಯಾರಾದರೂ ಆಗಿದ್ದರೆ ಅರ್ಧ ದಿನದ ಕೆಲಸ. ಜಕ್ಷಿಲಿಕ್ ಏಳುನೂರು ಸೋಮ್ ಎಣಿಸಿ ಅವಳ ಕೈಗಿಟ್ಟು ಮುಖವರಳಿಸಿದ. "ಹೋದ ವರ್ಷ ಇದಕ್ಕೇ ಒಂದೂವರೆ ಸಾವಿರ ಕೊಟ್ಟು ಮಾಂಸದೂಟ ಬೇರೆ ಹಾಕಿದ್ದೆ. ಈ ಗಂಟೆ ಲೆಕ್ಕ ಬಹಳ ಚೆನ್ನಾಗಿದೆ ಅಕ್ಕಾ, ಬಿಡಬೇಡಿ!"

ವ್ಯಾನಿನಲ್ಲಿ ಕೆಂಜೆಬೆಕ್ ಮೆಲ್ಲಗೆ ಕೇಳಿದ: "ನಿಧಾನವಾಗಿ ಮಾಡೋದು ಕಲೀತೀಯಾ?"

"ಬಾಯಿ ಮುಚ್ಚಿ ಓಡಿಸು."

ಅದೇ ಕಥೆ ಮೇ ತಿಂಗಳೆಲ್ಲ ನಡೆಯಿತು. ಹೋದಲ್ಲೆಲ್ಲ ಜನ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಕೈ ತೊಳೆಯಲು ನೀರು ಕೇಳಿದರೆ ಓಡುತ್ತ ತರುತ್ತಿದ್ದರು. ಎಂಟು ನಿಮಿಷದ ಕೆಲಸಕ್ಕೆ ನಲವತ್ತು ಕಿಲೋಮೀಟರು ಹೋಗಿ ನೂರ ಅರವತ್ತು ಸೋಮ್ ತಂದದ್ದೂ ಉಂಟು. ಬುರುಲ್‌ಗೆ ದುಡ್ಡಿಗಿಂತ ಹೆಚ್ಚಾಗಿ ಆ ಮೌನ ಚುಚ್ಚಿತು. ಮುಖವಾಡ ಎತ್ತಿದ ಕೂಡಲೇ ಯಾರಾದರೂ ಏನಾದರೂ ಹೇಳಿ ನಗಿಸುವುದು ಈ ಕೆಲಸದಲ್ಲಿ ಅವಳಿಗೆ ಬಹಳ ಹಿಡಿಸಿದ ಸಂಗತಿಯಾಗಿತ್ತು. ಆದರೆ ಸೋತೆ ಎಂದು ಗಂಡನ ಮುಂದೆ ಒಪ್ಪಿಕೊಳ್ಳುವ ಹೆಣ್ಣು ಅವಳಲ್ಲ.

ಜೂನ್ ಕೊನೆಯಲ್ಲಿ ಮೇಲಿನ ಹುಲ್ಲುಗಾವಲಿನಿಂದ ಫೋನು ಬಂತು. ಕರೆದವಳು ಸೋನುನ್ ಅಜ್ಜಿ. ಕಲ್ಮಕ್ ಘಟ್ಟದಾಚೆ ಬೇಸಿಗೆ ಕಳೆಯುವ ನಾಲ್ಕು ಕುಟುಂಬಗಳಿಗೂ ಅವಳೇ ಹಿರಿಯಳು.

"ಹಳ್ಳದ ಮೇಲಿನ ಕಬ್ಬಿಣದ ಸೇತುವೆ ಮುರಿದಿದೆ ಮಗಳೇ. ಅಡಿಯ ಅಡ್ಡಪಟ್ಟಿ ಬಿಟ್ಟುಕೊಂಡಿದೆ. ನಿನ್ನೆ ಒಂದು ಹಸುವಿನ ಕಾಲು ಸಿಕ್ಕಿಹಾಕಿಕೊಳ್ತು. ಆಚೆ ದಡದಲ್ಲಿ ಹುಲ್ಲು ಮೊಣಕಾಲುದ್ದ ನಿಂತಿದೆ, ಈಚೆ ಆರುನೂರು ಕುರಿ ಮಣ್ಣು ನೆಕ್ತಿವೆ. ಹಿಮ ಕರಗಿ ನೀರು ದಿನಾ ಏರ್ತಿದೆ. ಬರ್ತೀಯಾ?"

ವ್ಯಾನಿಗೆ ಎರಡು ಉದ್ದದ ಉಕ್ಕಿನ ಪಟ್ಟಿ ಹೇರಿಕೊಂಡು ನಸುಕಿಗೇ ಹೊರಟರು. ಘಟ್ಟ ಹತ್ತಿ ಇಳಿಯಲು ಮೂರೂವರೆ ಗಂಟೆ ಹಿಡಿಯಿತು. ತಿರುವಿಗೊಮ್ಮೆ ಬುರುಲ್ ಗಡಿಯಾರ ನೋಡಿಕೊಂಡಳು.

"ಇದು ಲೆಕ್ಕಕ್ಕೆ ಬರುತ್ತೋ ಇಲ್ವೋ?" ಎಂದ ಕೆಂಜೆಬೆಕ್.

"ನಾನೇನು ದಾರಿಗೆ ಬೆಸುಗೆ ಹಾಕ್ತಿದೀನಾ?"

"ಹಾಗಾದ್ರೆ ನಾನು ಪುಕ್ಕಟೆ."

ಅವನು ತಮಾಷೆಗೆ ಅಂದದ್ದು. ಆದರೂ ಅದು ಅವಳ ಮನಸ್ಸಿನಲ್ಲಿ ಕೂತಿತು.

ಸೋನುನ್ ಅಜ್ಜಿ ಅವರನ್ನು ಸೇತುವೆಯ ಕಡೆ ಬಿಡಲೇ ಇಲ್ಲ, ನೇರ ಗುಡಾರದೊಳಗೆ ಕರೆದೊಯ್ದಳು. ಚಾಪೆಯ ಮೇಲೆ ಬಿಸಿಬಿಸಿಯಾಗಿ ಕರಿದ ಹಿಟ್ಟಿನ ಬೋರ್ಸೋಕ್, ಕೆನೆ, ಕುರಿಮಾಂಸ, ಮರದ ಬಟ್ಟಲಲ್ಲಿ ಹೆಣ್ಣುಕುದುರೆಯ ಹುಳಿ ಹಾಲು. ಬುರುಲ್ ಅಂಚಿನಲ್ಲಿ ಕೂತು ಮತ್ತೆ ಕೈಗಡಿಯಾರ ನೋಡಿದಳು.

"ಅದೇನು ಮಗಳೇ, ಅಷ್ಟು ಸಲ ಮಣಿಕಟ್ಟು ನೋಡ್ತೀಯಾ? ನೋವಾ?"

"ಗಂಟೆ ಲೆಕ್ಕ ಇಟ್ಟಿದಾಳೆ ಅಜ್ಜಿ," ಎಂದ ಕೆಂಜೆಬೆಕ್, ಬಾಯ್ತುಂಬ ಮಾಂಸ ಇಟ್ಟುಕೊಂಡು. "ಬಾಗಿಲ ಮೇಲೆ ಬರೆದಿದೆ."

"ಓದಿದೆ, ಓದಿದೆ. ಕಣ್ಣು ಇನ್ನೂ ಚುರುಕಾಗಿದೆ. ಸರಿ, ನಿನ್ನ ಗಂಟೆ ಎಲ್ಲಿಂದ ಶುರು?"

"ಕಡ್ಡಿ ಹೊತ್ತಿಸಿದಲ್ಲಿಂದ."

ಆಗಲೇ ಕುದುರೆ ಹಾಲು ಕರೆಯುವ ಸಮಯವಾಗಿತ್ತು. ಎರಡು ಗಂಟೆಗೊಮ್ಮೆ ಅದನ್ನು ಮಾಡಲೇಬೇಕು. ಬುರುಲ್‌ಳನ್ನೂ ಅಜ್ಜಿ ಹೊರಗೆ ಕರೆದಳು. ಅವಳ ಸೊಸೆ ಹಗ್ಗಕ್ಕೆ ಕಟ್ಟಿದ್ದ ಮರಿಯನ್ನು ಬಿಚ್ಚಿ ತಾಯಿಯ ಕೆಚ್ಚಲಿಗೆ ಬಿಟ್ಟಳು, ಅದು ನಾಲ್ಕು ಗುಟುಕು ಎಳೆದದ್ದೇ ಹಿಂದಕ್ಕೆ ಸೆಳೆದಳು, ಕುದುರೆ ಒದೆಯದಂತೆ ಕತ್ತು ಸವರಿದಳು. ಅಜ್ಜಿ ಒಂಟಿ ಮೊಣಕಾಲ ಮೇಲೆ ಬಕೆಟ್ಟು ಇಟ್ಟು ಎರಡೇ ನಿಮಿಷದಲ್ಲಿ ಕರೆದು ಎದ್ದಳು.

"ನೋಡಿದೆಯಾ? ನನ್ನ ಕೈ ಓಡಿದ್ದು ಎರಡು ನಿಮಿಷ. ಕೆಳಗೆ ರಸ್ತೆಯಲ್ಲಿ ಇದನ್ನ ಲೀಟರಿಗೆ ಇಷ್ಟು ಅಂತ ಮಾರ್ತೀವಿ. ಎರಡು ನಿಮಿಷದ ಬೆಲೆ ಅಷ್ಟೇ ಕೇಳಿದ್ರೆ, ನಸುಕಿಗೆದ್ದು ಮರಿ ಹಿಡಿದು ಕಟ್ಟಿದ ನನ್ನ ಸೊಸೆಗೆ ಏನು ಕೊಡ್ಲಿ? ಮರಿ ಇಲ್ದೇ ಹಾಲು ಇಳಿಯುತ್ತಾ?"

ಬುರುಲ್ ಗಂಡನ ಕಡೆ ನೋಡಿದಳು. ಅವನು ಮರಿಯ ಕಿವಿ ಕೆರೆಯುತ್ತ ಅದರ ಜೊತೆ ಏನೋ ಮಾತಾಡುತ್ತಿದ್ದ.

ಸೇತುವೆ ಅವಳು ಎಣಿಸಿದ್ದಕ್ಕಿಂತ ಕೆಟ್ಟಿತ್ತು. ಕೆಳಗೆ ಬೂದು ಬಣ್ಣದ ನೀರು ಕಲ್ಲುಗಳನ್ನು ಉರುಳಿಸಿಕೊಂಡು ಹೋಗುತ್ತಿತ್ತು, ಪಕ್ಕದವರ ಮಾತು ಕೇಳದಷ್ಟು ಸದ್ದು. ಬೆಸುಗೆ ಬೀಳಬೇಕಾದದ್ದು ಅಡಿಯಿಂದ. ಕೆಂಜೆಬೆಕ್ ಕೆಲಸಕ್ಕಿಳಿದ. ಎರಡು ಹಲಗೆಗಳನ್ನು ಗುಡಾರ ಬಿಗಿಯುವ ಕುದುರೆಕೂದಲ ಹಗ್ಗದಲ್ಲಿ ಸೇತುವೆಯಡಿ ತೂಗುಹಾಕಿದ, ಗಂಟುಗಳನ್ನು ತಾನೇ ಮೂರು ಸಲ ಜಗ್ಗಿ ನೋಡಿದ, ಬುರುಲ್‌ಳ ಸೊಂಟಕ್ಕೆ ಇನ್ನೊಂದು ಹಗ್ಗ ಕಟ್ಟಿ ಅದರ ತುದಿ ತನ್ನ ಮೈಗೇ ಸುತ್ತಿಕೊಂಡ. ಅಜ್ಜಿ ಒಂದು ಹಳೆಯ ಕಂಬಳಿ ಕೊಟ್ಟಳು. ಅದನ್ನು ಒದ್ದೆ ಮಾಡಿ ಹಲಗೆಯ ಮೇಲೆ ಹಾಸಿದರು.

ಬುರುಲ್ ಬೆನ್ನು ಕೆಳಗಾಗಿ ಮಲಗಿ ಮೊದಲು ತುಕ್ಕು ಕೆರೆದಳು. ಅದಕ್ಕೇ ಒಂದು ಗಂಟೆ ಹೋಯಿತು. ಆಮೇಲೆ ಉಕ್ಕಿನ ಪಟ್ಟಿಯನ್ನು ಮೇಲಿನಿಂದ ಇಬ್ಬರು ಕುರುಬರು ಹಗ್ಗದಲ್ಲಿ ಹಿಡಿದು ಕೊಟ್ಟರು. ಕಡ್ಡಿ ಹೊತ್ತಿತು. ಮುಖವಾಡದ ಗಾಜಿನಾಚೆ ಸಣ್ಣ ಹಸಿರು ಕೆರೆಯೊಂದು ನಿಂತಂತೆ ಕರಗಿದ ಲೋಹ ಕಾಣಿಸಿತು. ಅದು ಜಾರದಂತೆ ಅವಳು ಉಸಿರು ಹಿಡಿದು ಕೈಯನ್ನು ಕೂದಲೆಳೆಯಷ್ಟೇ ಸರಿಸುತ್ತ ಹೋದಳು. ಕಿಡಿಗಳು ಕುತ್ತಿಗೆಗೆ ಬಿದ್ದವು. ಒಮ್ಮೆ ಹಲಗೆ ವಾಲಿತು. ಸೊಂಟದ ಹಗ್ಗ ತಕ್ಷಣ ಬಿಗಿಯಾಯಿತು, ಮೇಲಿನಿಂದ, "ಹಿಡ್ಕೊಂಡಿದೀನಿ ಕಣೇ!" ಎಂಬ ಕೂಗು ನೀರಿನ ಸದ್ದನ್ನೂ ಮೀರಿ ಕೇಳಿತು. ಅವಳು ಮತ್ತೆ ಕಡ್ಡಿ ಹೊತ್ತಿಸಿದಳು.

ಮೇಲೆ ಬಂದಾಗ ತೋಳುಗಳು ಮರದ ಕೊರಡಿನಂತಾಗಿದ್ದವು. ಕಬ್ಬಿಣ ಆರಿದ ಮೇಲೆ ಕೆಂಜೆಬೆಕ್ ಖಾಲಿ ವ್ಯಾನನ್ನೇ ಸೇತುವೆಯ ಮೇಲೆ ಆಚೀಚೆ ಓಡಿಸಿ ತೋರಿಸಿದ. ಆಮೇಲೆ ಕುರಿಗಳನ್ನು ಬಿಟ್ಟರು. ಆರುನೂರು ಕುರಿಗಳು ಒಂದರ ಬೆನ್ನಿಗೊಂದು ಮೂತಿಯಿಟ್ಟು ದಾಟಿದವು. ತಗಡಿನ ಮೇಲೆ ಗೊರಸುಗಳು ಆಲಿಕಲ್ಲು ಬಿದ್ದಂತೆ ಸದ್ದು ಮಾಡಿದವು. ಆಚೆ ದಡ ಮುಟ್ಟಿದ್ದೇ ತಡ, ಎಲ್ಲ ತಲೆಗಳೂ ಹುಲ್ಲಿನೊಳಗೆ ಮುಳುಗಿಹೋದವು.

ಮತ್ತೆ ಚಹಾ. ಈ ಸಲ ಬುರುಲ್ ಗಡಿಯಾರ ಬಿಚ್ಚಿ ಜೇಬಿಗಿಟ್ಟಳು.

"ಈಗ ಹೇಳು," ಎಂದಳು ಅಜ್ಜಿ.

ಬುರುಲ್ ನಿಧಾನವಾಗಿ, ತನಗೇ ಹೇಳಿಕೊಳ್ಳುವಂತೆ ಹೇಳಿದಳು. "ತುಕ್ಕು ಕೆರೆದದ್ದೂ ಕೆಲಸಾನೇ. ಅದೂ ಸೇರಿ ನಾಲ್ಕು ಗಂಟೆ. ನೀರಿನ ಮೇಲೆ, ಬೆನ್ನ ಮೇಲೆ ಮಲಗಿ ಮಾಡಿದ್ದಕ್ಕೆ ಒಂದಕ್ಕೆ ಒಂದೂವರೆ. ಬರೋ ದಾರಿ, ಹೋಗೋ ದಾರಿಗೆ ಗಂಟೆಗೆ ಅರ್ಧ ಬೆಲೆ. ಚಹಾದ ಹೊತ್ತು ಯಾರದೂ ಅಲ್ಲ."

"ದಾರಿಗೆ ಅರ್ಧ ಬೆಲೇನಾ?" ಎಂದ ಕೆಂಜೆಬೆಕ್. ಬಟ್ಟಲು ಅವನ ಬಾಯಿಯ ಹತ್ತಿರವೇ ನಿಂತಿತು. "ಅದು ಯಾರಿಗೆ?"

"ಮರಿ ಕಟ್ಟಿದವರಿಗೆ," ಎಂದಳು ಬುರುಲ್.

ಅಜ್ಜಿ ಬಿದ್ದು ಬಿದ್ದು ನಕ್ಕಳು. ಕುರುಬರಿಬ್ಬರಿಗೆ ಏನೂ ಅರ್ಥವಾಗದಿದ್ದರೂ ಅವರೂ ನಕ್ಕರು. ನಾಲ್ಕು ಕುಟುಂಬದವರೂ ಚೌಕಾಸಿ ಮಾಡದೆ ಹಂಚಿಕೊಂಡು ಕೊಟ್ಟರು. ಜೊತೆಗೆ ಅಜ್ಜಿ ಒಂದು ಚೀಲ ಒಣ ಗಿಣ್ಣಿನ ಉಂಡೆ ಇಟ್ಟು, "ಇದು ಬೆಲೆಯಲ್ಲ, ಇದನ್ನ ಬೇಡ ಅಂದ್ರೆ ಬೈತೀನಿ" ಎಂದಳು.

ಹಿಂದಿರುಗುವಾಗ ಘಟ್ಟದ ತುದಿಯಲ್ಲಿ ಕೆಂಜೆಬೆಕ್ ಅಂದ: "ಅಂದ್ರೆ ನಂಗೂ ಒಂದು ರೇಟಿದೆ."

"ಇದೆ."

"ಆರುನೂರು."

"ಸುಮ್ನೆ ಕೂತಿರೋದಕ್ಕೆ ಅಲ್ಲ, ಓಡಿಸೋದಕ್ಕೆ."

"ಗೊತ್ತು ಗೊತ್ತು," ಎಂದು ಅವನು ಬೆನ್ನು ನೆಟ್ಟಗೆ ಮಾಡಿಕೊಂಡ. ಎಂದೂ ಇಲ್ಲದವನು ಅವತ್ತು ಪ್ರತಿ ತಿರುವಿನಲ್ಲೂ ಹಾರನ್ ಬಾರಿಸಿದ.

ಬಾಗಿಲಿನ ಬರಹವನ್ನು ಮರುದಿನ ಅವನೇ ತಿದ್ದಿದ. ಅಕ್ಷರಗಳು ಸೊಟ್ಟಗಿದ್ದರೂ ಎಲ್ಲವೂ ಇತ್ತು: ದಾರಿ, ಕಷ್ಟದ ಜಾಗ, ಮತ್ತೆ ಬುರುಲ್ ಆಮೇಲೆ ಸೇರಿಸಿದ ಇನ್ನೊಂದು ಮಾತು, ಬಂದ ಮೇಲೆ ಐದು ನಿಮಿಷವಾದರೂ ಒಂದು ಗಂಟೆಯ ಬೆಲೆ. ಅಂದಿನಿಂದ ಆ ಲೆಕ್ಕಕ್ಕೆ ಅವನಷ್ಟು ಕಟ್ಟುನಿಟ್ಟಿನವನು ಇನ್ನೊಬ್ಬನಿರಲಿಲ್ಲ. ನಂಟು ಹಚ್ಚುವುದನ್ನೇನೂ ಬಿಡಲಿಲ್ಲ. "ನೀವು ನಮ್ಮ ಅಜ್ಜಿ ಕಡೆಯವರು, ಅದಕ್ಕೇ ಮೋಸ ಇಲ್ದೆ ಹೇಳ್ತಿದೀನಿ" ಎಂದು ಶುರುಮಾಡುತ್ತಿದ್ದ.

ಸೆಪ್ಟೆಂಬರಿನಲ್ಲಿ ಕುಮ್ ದೊಬೊ ಹಳ್ಳಿಯ ಐಮನ್ ಎಂಬಾಕೆ ಗೇಟಿನ ಮುರಿದ ಕೀಲೊಂದಕ್ಕಾಗಿ ಕರೆದಳು. ಹದಿನೈದು ನಿಮಿಷದ ಕೆಲಸ. ಒಂದು ಗಂಟೆಯ ಬೆಲೆ ಎಂದಾಗ ಅವಳು ಜಗಳಕ್ಕೆ ನಿಲ್ಲಲಿಲ್ಲ, ಗೋಡೆ ಹತ್ತಿ ಪಕ್ಕದ ಮನೆಗಳಿಗೆ ಕೂಗಿದಳು: "ಏ, ಮುರಿದಿರೋದು ಏನಿದ್ರೂ ತಗೊಂಡ್ ಬನ್ರೇ! ನನ್ ಹತ್ರ ಮುಕ್ಕಾಲು ಗಂಟೆ ಉಳಿದಿದೆ!"

ಮಂಚದ ಕಾಲು ಬಂತು, ಒಲೆಯ ಬಾಗಿಲು ಬಂತು, ಕೈಗಾಡಿ ಬಂತು. ಕಾಲುವೆಯ ನೀರು ಹಂಚಿಕೊಂಡು ಅಭ್ಯಾಸವಿದ್ದ ಹೆಂಗಸರು ನಿಮಿಷಗಳನ್ನೂ ಹಾಗೇ ಹಂಚಿಕೊಂಡರು. ಮಂಚ ಮೊದಲೋ ಒಲೆ ಮೊದಲೋ ಎಂದು ಇಬ್ಬರು ಕಿತ್ತಾಡಿದರು, ಕೆಂಜೆಬೆಕ್ ನಡುವೆ ನಿಂತು ತೀರ್ಪು ಕೊಟ್ಟ. ಒಂದು ಮುದುಕಿ ಚಹಾದ ನೀರು ಕಾಯಿಸುವ, ಸೋರುವ ಸಮೋವಾರವನ್ನು ಎದೆಗವಚಿಕೊಂಡು ಬಂದಳು.

ಬುರುಲ್ ಮುಖವಾಡ ಎತ್ತಿ ಅದನ್ನು ತಿರುಗಿಸಿ ನೋಡಿದಳು. "ಅಜ್ಜೀ, ಇದು ಹಿತ್ತಾಳೆ. ನಾನು ಮುಟ್ಟಿದ್ರೆ ತೂತು ದೊಡ್ಡದಾಗುತ್ತೆ. ಇದಕ್ಕೆ ಬೇರೆ ಕೈ ಬೇಕು."

"ಹಾಗಾದ್ರೆ ನಂಗೆ ಏನೂ ಇಲ್ವಾ?"

"ಪಕ್ಕದಲ್ಲಿ ಕೂತ್ಕೊಳ್ಳಿ. ಒಲೆ ಬಾಗಿಲು ಮುಗಿಸ್ತೀನಿ, ಒಟ್ಟಿಗೆ ಚಹಾ ಕುಡಿಯೋಣ."

ಮುದುಕಿ ಮಗುಚಿದ ಬಕೆಟ್ಟಿನ ಮೇಲೆ ಕೂತಳು. ಯಾರೋ ಬೋರ್ಸೋಕ್ ತಂದರು, ಯಾರೋ ಏಪ್ರಿಕಾಟಿನ ಮುರಬ್ಬ ತಂದರು. ಬುರುಲ್ ಹೊಸ ಕಡ್ಡಿ ಸಿಕ್ಕಿಸಿ, "ಕಣ್ಣು ಆಚೆ ತಿರುಗಿಸ್ಕೊಳ್ಳಿ ಎಲ್ರೂ!" ಎಂದು ಕೂಗಿ, ಮುಖವಾಡ ಇಳಿಸಿಕೊಂಡಳು.