ಮಸಿ ಹಿಡಿಯದ ಒಲೆ

ಹಳದೀಪುರದ ಚಂದನಾ ಹೊನ್ನಾವರದ ಒಂದು ಸೇವಾಸಂಸ್ಥೆಯಲ್ಲಿ ಕೆಲಸಕ್ಕಿದ್ದಳು. ಭಾನುವಾರ ಬಂತೆಂದರೆ ಕುಮಟೆಯ ಬಸ್ಸು ಹತ್ತಿ ಡಿಪ್ಲೊಮಾ ಕ್ಲಾಸಿಗೆ ಹೋಗುತ್ತಿದ್ದಳು. ಒಂದು ಯೋಜನೆಯನ್ನು ಹೇಗೆ ಹಾಕಬೇಕು, ನಡೆಯುವಾಗ ಹೇಗೆ ಗಮನಿಸಬೇಕು, ಮುಗಿದ ಮೇಲೆ ಅದರಿಂದ ಯಾರಿಗೆ ಏನಾಯಿತೆಂದು ಹೇಗೆ ತಿಳಿಯಬೇಕು, ಇದು ಅಲ್ಲಿಯ ಪಾಠ. ಕಲಿಸುವ ನಾಗಭೂಷಣ ಸರ್ ಸಿಡುಕಿನ ಮನುಷ್ಯ. "ಊರಿನವರೆಲ್ಲ ಒಂದೇ ಬಾಯಲ್ಲಿ ಹೊಗಳಿದರೆ ಸಂತೋಷಪಡಬೇಡಿ, ಇನ್ನೊಂದು ಸಲ ಹೋಗಿ" ಎನ್ನುತ್ತಿದ್ದರು.

ಕೊನೆಯ ಪರೀಕ್ಷೆಗೆ ಮುಂಚೆ ಪ್ರತಿಯೊಬ್ಬರೂ ಮುಗಿದುಹೋದ ಒಂದು ಯೋಜನೆಯ ಮೌಲ್ಯಮಾಪನ ಮಾಡಿ ವರದಿ ಕೊಡಬೇಕಿತ್ತು. ಚಂದನಾ ಅದನ್ನು ಹೇಳಿದ ಕೂಡಲೇ ಅವಳ ಮೇಲಧಿಕಾರಿ ಶಿಶಿರ, "ನಮ್ಮ ಅಘನಾಶಿನಿ ಶೆಡ್ಡನ್ನೇ ತಗೊಳ್ಳಿ. ನಾನೇ ಕರಕೊಂಡು ಹೋಗ್ತೆ" ಎಂದ. ರಜೆ ಕೇಳಿದರೂ ಮುಖ ಸಿಂಡರಿಸುವವನು ಇಷ್ಟು ಸಲೀಸಾಗಿ ಒಪ್ಪಿದ್ದು ಅವಳಿಗೆ ಸರಿ ಕಾಣಲಿಲ್ಲ.

ಅಘನಾಶಿನಿ ಊರಿನ ಹೆಂಗಸರು ಹೊಳೆಯ ಇಳಿತದ ಹೊತ್ತಿಗೆ ಸೊಂಟದವರೆಗೆ ನೀರಿಗಿಳಿದು ಬಳಚು ಎಂಬ ಚಿಪ್ಪುಮೀನು ಆರಿಸುತ್ತಾರೆ. ಆ ಚಿಪ್ಪುಗಳನ್ನು ದಂಡೆಯಲ್ಲೇ ಕಲ್ಲು ಹೂಡಿ ಬೇಯಿಸಿ ಮಾಂಸ ಬಿಡಿಸಿ ಮಾರುತ್ತಾರೆ. ಬಿಸಿಲು ಮಳೆಗೆ ಅವರು ಪಡುವ ಪಾಡು ನೋಡಿ ಸಂಸ್ಥೆ ದೊಡ್ಡ ಒಲೆಗಳಿರುವ ಒಂದು ಶೆಡ್ಡು ಕಟ್ಟಿಸಿಕೊಟ್ಟಿತ್ತು.

ಶಿಶಿರನ ಜೊತೆ ಹೋದ ದಿನ ಶೆಡ್ಡು ಗುಡಿಸಿ ಒರೆಸಿಟ್ಟಂತಿತ್ತು. ಹೆಂಗಸರು ಸಾಲಾಗಿ ಕೂತಿದ್ದರು. ಚಂದನಾ ಒಬ್ಬೊಬ್ಬರನ್ನೇ ಕೇಳಿದಳು.

"ಒಳ್ಳೆ ಅನುಕೂಲ ಆತು, ಅಕ್ಕೋರೆ" ಎಂದಳು ಹೊನ್ನಮ್ಮ.

"ಒಳ್ಳೆ ಅನುಕೂಲ ಆತು" ಎಂದಳು ಅವಳ ಪಕ್ಕದವಳು. ಸಾಲಿನ ಕೊನೆಯಲ್ಲಿದ್ದ ಮುದುಕಿ ಲಕ್ಕಿಯೂ ಅಷ್ಟೇ ಅಂದಳು, ಆದರೆ ಚಂದನಾಳ ಮುಖ ನೋಡದೆ.

ಚಂದನಾಳ ಕಣ್ಣು ಒಲೆಗಳ ಮೇಲೆ ಹೋಯಿತು. ದಿನವೂ ಕಟ್ಟಿಗೆ ಉರಿಯುವ ಒಲೆಯ ಹಿಂದಿನ ಗೋಡೆ ಕರ್ರಗಿರಬೇಕು. ಈ ಗೋಡೆಯ ಸುಣ್ಣ ಹಾಗೇ ಇತ್ತು. ಮೇಲೆ ಮಾಡಿನ ಮೂಲೆಯಲ್ಲಿ ಒಂದು ಬಿಳಿಯ ಕ್ಯಾಮೆರಾ ಇತ್ತು.

ವಾಪಸು ಬರುವಾಗ ಕೇಳಿದಳು. "ಸರ್, ಆ ಕ್ಯಾಮೆರಾದ ವಿಡಿಯೋ ಸಿಗಬಹುದಾ? ಎಷ್ಟು ಜನ ಬಳಸ್ತಾರೆ ಅಂತ ಗೊತ್ತಾಗ್ತದೆ."

"ನೋಡುವಾ" ಎಂದ ಶಿಶಿರ. ಮರುದಿನ ಮತ್ತೆ ಕೇಳಿದರೆ, "ನಿಮಗೆ ವರದಿ ಬರೆಯೂದಕ್ಕೆ ಇಷ್ಟು ಸಾಕಲ್ಲ" ಎಂದು ಎದ್ದು ಹೋದ. ಶೆಡ್ಡಿನ ಹೆಸರಿನಲ್ಲಿ ಇವನು ಏನೋ ನುಂಗಿದ್ದಾನೆ, ಹೆಂಗಸರಿಗೂ ಹೇಳಿಕೊಟ್ಟಿದ್ದಾನೆ ಎಂದು ಚಂದನಾಳಿಗೆ ಖಾತ್ರಿಯಾಯಿತು.

ಅವಳು ಯಾರಿಗೂ ಹೇಳದೆ ಒಂದು ಬೆಳಿಗ್ಗೆ ಕುಮಟೆಯಿಂದ ಅಘನಾಶಿನಿಯ ಬಸ್ಸು ಹತ್ತಿದಳು. ಹೊಳನಗದ್ದೆ ದಾಟುವಾಗ ಯಾರೋ ಹಿಂದಿನಿಂದ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿ ಎರಡು ಸಲ ತಿರುಗಿದಳು. ನಿದ್ದೆ ಹೋದ ಕಂಡಕ್ಟರನನ್ನು ಬಿಟ್ಟು ಯಾರೂ ಇರಲಿಲ್ಲ.

ಶೆಡ್ಡಿಗೆ ಬೀಗ ಬಿದ್ದಿತ್ತು. ಹೊಳೆಯ ದಂಡೆಯಲ್ಲಿ, ಮೊದಲಿನ ಹಾಗೆಯೇ ಕಲ್ಲಿನ ಒಲೆಗಳಿಂದ ಹೊಗೆ ಏಳುತ್ತಿತ್ತು. ಅವಳನ್ನು ಕಂಡು ಹೆಂಗಸರ ಮಾತು ನಿಂತಿತು. ಹೊನ್ನಮ್ಮ ಸೆರಗನ್ನು ಮೈತುಂಬ ಹೊದ್ದುಕೊಂಡಳು. ಲಕ್ಕಿ ಮಾತ್ರ ಎದ್ದು ಬಂದಳು.

"ಯಾರು ಕಳಸಿದ್ರು ನಿನ್ನ?"

"ಯಾರೂ ಕಳಿಸಲಿಲ್ಲ. ಶೆಡ್ಡು ಯಾಕೆ ಬಳಸೂದಿಲ್ಲ ಅಂತ ತಿಳಕೊಳ್ಳೂಕೆ ಬಂದೆ. ಹೊಗಳಬೇಕು ಅಂತ ಶಿಶಿರ ಸರ್ ಹೇಳಿಕೊಟ್ರಾ?"

"ಅವ ಎಂತಕೆ ಹೇಳ್ತ? ನಾವೇ ಮಾತಾಡ್ಕಂಡದ್ದು. ಬ್ಯಾಡ ಅಂದ್ರೆ ಶೆಡ್ಡು ಕಿತ್ಕಂಡು ಹೋದ್ರೆ ನಾಳೆ ಬೇಕು ಅಂದ್ರೆ ಯಾರು ಕೊಡ್ತ್ರು?" ಲಕ್ಕಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ನಿಂಗೆ ಗೊತ್ತಿಲ್ಲದ್ದು ಎಂತದಿದೆ? ಹೊನ್ನಾವರದಲ್ಲಿ ಕೂತು ಎಲ್ಲಾ ನೋಡ್ತೆ ಅಲ್ದಾ ನೀನು?"

"ಎಂತ ನೋಡ್ತೆ?"

"ನಮ್ಮನ್ನ. ಹೊಳೆಯಿಂದ ಬಂದವ್ರು ಒದ್ದೆ ಸೀರೆ ಬಿಚ್ಚಿ ಬೇರೆ ಉಡೂದು ಆ ಒಲೆ ಹತ್ರವೇ. ಅಲ್ಲಿ ಮಾಡಿಗೆ ಕಣ್ಣು ಹಚ್ಚಿಟ್ರಿ. ನಿಮ್ಮ ಆಪೀಸಿನ ಗಂಡಸ್ರು ಮೊಬೈಲಲ್ಲಿ ತೋರ್ಸಿಕೊಂಡು ನಗಾಡ್ತ್ರೋ ಏನೋ, ಯಾರು ಕಂಡವ್ರು?"

ಚಂದನಾಳಿಗೆ ಶಿಶಿರ ವಿಡಿಯೋ ಮಾತಿಗೆ ಎದ್ದು ಹೋದದ್ದು ನೆನಪಾಯಿತು. ಈಗ ಹುಟ್ಟಿದ ಅನುಮಾನ ಹಿಂದಿನದಕ್ಕಿಂತ ಕೆಟ್ಟದಾಗಿತ್ತು.

ಅವಳು ನೇರ ಕಚೇರಿಗೆ ಹೋಗಿ ಶಿಶಿರನ ಕೋಣೆಯ ಬಾಗಿಲು ಹಾಕಿದಳು. "ಸರ್, ವಿಡಿಯೋ ಯಾರ ಹತ್ರ ಇದೆ? ಯಾರು ನೋಡ್ತಾರೆ?"

ಅವನು ಅವಳ ಮುಖ ನೋಡಿದ. ಅವಳು ಏನು ಯೋಚಿಸುತ್ತಿದ್ದಾಳೆಂದು ತಿಳಿದಾಗ ಅವನ ಮುಖ ಬಿಳಿಚಿತು. "ಛೆ, ಚಂದನಾ. ವಿಡಿಯೋ ಇಲ್ಲವೇ ಇಲ್ಲ. ಅದನ್ನ ಹಾಕಿದ ಮಳೆಗಾಲದಲ್ಲೇ ಉಪ್ಪುಗಾಳಿಗೆ ಹಾಳಾಯ್ತು."

"ಮತ್ತೆ ಯಾಕೆ ತೆಗೀಲಿಲ್ಲ?"

"ಶೆಡ್ಡಿಗೆ ದುಡ್ಡು ಕೊಟ್ಟವರಿಗೆ ನಮ್ಮ ಮೇಲೆ ನಂಬಿಕೆ ಇರಲಿಲ್ಲ. ಶೆಡ್ಡು ಬಳಕೆ ಆಗ್ತದೆ ಅಂತ ಸಾಕ್ಷಿ ಬೇಕು ಅಂದ್ರು. ಕ್ಯಾಮೆರಾ ಇದ್ದರೆ ಹೆಂಗಸರೂ ತಪ್ಪದೆ ಬರ್ತಾರೆ ಅಂದುಕೊಂಡೆ. ಹಾಳಾಗಿದೆ ಅಂತ ಹೇಳೂಕೆ ಹೆದರಿದೆ. ನಿಮ್ಮ ವರದಿ ಚೆನ್ನಾಗಿ ಬಂದರೆ ಅದನ್ನೇ ಅವರಿಗೆ ತೋರಿಸುವಾ ಅಂತಿದ್ದೆ. ಹೆಂಗಸರು ಬರೂದಿಲ್ಲ ಅಂತ ಗೊತ್ತಿತ್ತು. ಯಾಕೆ ಅಂತ ಕೇಳಲಿಲ್ಲ."

"ನೀವೇ ಬಂದು ಅವರಿಗೆ ಹೇಳಿ" ಎಂದಳು ಚಂದನಾ. ಅವನ ಮಾತನ್ನು ಅವಳೂ ಪೂರ್ತಿ ನಂಬಿರಲಿಲ್ಲ.

ಮರುದಿನ ಶಿಶಿರ ಏಣಿ ಹತ್ತಿ ಕ್ಯಾಮೆರಾ ಬಿಚ್ಚಿದ. ಮುಚ್ಚಳ ತೆಗೆದಾಗ ಒಳಗೆಲ್ಲ ತುಕ್ಕು. ಅದನ್ನು ಹೆಂಗಸರಿಗೆ ತೋರಿಸಿ, "ತಪ್ಪಾಯ್ತು. ನಿಮ್ಮನ್ನ ಕೇಳದೆ ಹಾಕಬಾರದಿತ್ತು" ಎಂದ. ಲಕ್ಕಿ ಕೈ ಚಾಚಿದಳು.

"ಅದು ನಮ್ಮ ಹತ್ರ ಇರ್ಲಿ."

ಅವನು ಕೊಟ್ಟ. ಹೆಂಗಸರು ಶೆಡ್ಡಿನ ಮೂಲೆ ಮೂಲೆ ತಡಕಿದರು. ಹೊನ್ನಮ್ಮ ಸ್ವಿಚ್ಚಿನ ಕೆಂಪು ದೀಪ ತೋರಿಸಿ, "ಇದೆಂತದು?" ಎಂದಳು. ಅದು ಬರೀ ದೀಪ ಎಂದು ಚಂದನಾ ಹೇಳಿದರೂ ಕೇಳದೆ, ಒಂದು ಚಿಂದಿ ತಂದು ಅದರ ಮೇಲೆ ಕಟ್ಟಿದಳು. ಬಟ್ಟೆ ಬದಲಿಸಲು ಒಂದು ಮರೆ ಬೇಕೆಂದು ಅವಳೇ ಕೇಳಿದಳು. ಅದೇ ವಾರ ಶಿಶಿರ ಬಿದಿರಿನ ತಟ್ಟಿಯ ಮರೆ ಕಟ್ಟಿಸಿದ.

ಚಂದನಾ ನಡೆದದ್ದನ್ನೆಲ್ಲ ವರದಿಯಲ್ಲಿ ಬರೆದಳು. ಶಿಶಿರನ ಭಯವನ್ನೂ ಬಿಡಲಿಲ್ಲ. ಅವನು ಓದಿ, ಒಂದು ಸಾಲನ್ನೂ ಹೊಡೆಯದೆ ಸಹಿ ಹಾಕಿದ. ಆದರೂ ಅವಳು ಬಸ್‌ಸ್ಟ್ಯಾಂಡಿನಲ್ಲಿ ಕೂತು ಪುಟಪುಟವನ್ನೂ ಮತ್ತೆ ನೋಡಿದ ಮೇಲೆಯೇ ನಾಗಭೂಷಣ ಸರ್‌ಗೆ ಕೊಟ್ಟಳು.

ಪರೀಕ್ಷೆ ಮುಗಿದ ಮೇಲೆ ಅವಳು ಅಘನಾಶಿನಿಗೆ ಹೋದಾಗ ಶೆಡ್ಡಿನೊಳಗೆ ಹೊನ್ನಮ್ಮ ಮತ್ತು ಇನ್ನು ಕೆಲವರು ಬಳಚು ಬೇಯಿಸುತ್ತಿದ್ದರು. ಲಕ್ಕಿ ಹೊರಗೆ ದಂಡೆಯಲ್ಲೇ ಇದ್ದಳು.

"ನೀವು ಒಳಗೆ ಹೋಗೂದಿಲ್ವಾ, ಲಕ್ಕಕ್ಕ?"

"ಹೋಗ್ವಾ" ಎಂದಳು ಲಕ್ಕಿ, ಉರಿಗೆ ಕಟ್ಟಿಗೆ ಮುಂದೂಡುತ್ತ. "ಅವ್ರಿಗೆ ಎಂತದೂ ಆಗೂದಿಲ್ವಾ ಅಂತ ಸ್ವಲ್ಪ ದಿನ ನೋಡ್ತೆ."

ಚಂದನಾ ಚಪ್ಪಲಿ ಕಳಚಿಟ್ಟು ಅವಳ ಪಕ್ಕ ಕೂತಳು. ಲಕ್ಕಿ ಬೇಡ ಅನ್ನಲಿಲ್ಲ.