ಹೊರಗಿನ ಹಿಡಿಕೆ

"ನಿನ್ನ ಬೆರಳು ನಾ ತಿಂದ್ನೇನಾ? ನೀ ಇಟ್ಟೆ, ಹೋತು. ಇಲ್ಲಿ ಬಂದು ಹಲ್ಕಿರ್ಕೊಂಡು ನಿಂತ್ರೆ ಮತ್ತೆ ಹುಟ್ತದಾ?"

ತ್ರ್ಯಂಬಕ ಒಡೇರು ಜಗಲಿಯ ಮೇಲೆ ಕೂತು, ವೀಳ್ಯದೆಲೆಯ ನಾರು ಬಿಡಿಸುತ್ತ, ತಲೆಯೆತ್ತದೆ ಹೇಳಿದರು. ಅಂಗಳದಲ್ಲಿ ಹಮ್ಮ ಬಲಗೈಗೆ ಹಳೇ ಲುಂಗಿಯ ಚೂರು ಸುತ್ತಿಕೊಂಡು ನಿಂತಿದ್ದ. ಅವನ ಹಿಂದೆ ಒಂದು ಹೆಜ್ಜೆ ಬಿಟ್ಟು ನಿಂತವನು ಶುಕ್ರ, ಹಮ್ಮನ ತಂಗಿ ಲಕ್ಕಿಯ ಗಂಡ. ಹಮ್ಮ ದುಡ್ಡು ಕೇಳಲು ಬಂದವನಲ್ಲ, ಕೆಲಸ ಕೇಳಲು ಬಂದಿದ್ದ.

"ಎಂತಾದ್ರೂ ಕೊಡಿ ಒಡ್ಯಾ. ಹಕ್ಕಿ ಕಾಯ್ತೆ. ಗದ್ದೆಗೆ ನೀರು ಕಟ್ತೆ."

"ಎರಡು ಬೆರಳಾಗೆ ಎಂತ ಕಟ್ತ್ಯಾ? ಬಾ, ನನ್ನೆಲೆಗೆ ಸುಣ್ಣ ಹಚ್ಚು. ಅದಕ್ಕೆ ಒಂದೇ ಬೆರಳು ಸಾಕು." ತಮ್ಮ ಮಾತಿಗೆ ತಾವೇ ನಕ್ಕು ಒಡೇರು ಗಲ್ಲವನ್ನು ಶುಕ್ರನ ಕಡೆ ತಿರುಗಿಸಿದರು. "ಮಳೆ ಹಿಡಿಯೂಕೆ ಇನ್ನು ಹದಿನೈದು ದಿನ. ಈ ಸಲ ನೇಗಿಲು ಸಿಕ್ಸೂದು ನೀನು. ಈ ಗುಲಾಮನ ಹಾಂಗೆ ಮಂಗಾಟ ಮಾಡ್ಬೇಡ."

ಉಳುವವನಿಗೇ ಹೊಲ ಎಂಬ ಕಾಯಿದೆ ಬಂದ ವರ್ಷ ಒಡೇರು ಹುಬ್ಬಳ್ಳಿ ಕಡೆಯಿಂದ ಒಂದು ಹಳೇ ಟ್ರ್ಯಾಕ್ಟರನ್ನು ತಂದು ಮಿರ್ಜಾನದ ಗದ್ದೆಯ ನಡುವೆ ನಿಲ್ಲಿಸಿದ್ದರು. ಕುಮಟೆಯಿಂದ ಬಂದ ಸಾಹೇಬರು ಅದನ್ನು ನೋಡಿ, ಒಡೇರದು ಸ್ವಂತ ಸಾಗುವಳಿ ಎಂದು ಬರೆದುಕೊಂಡು ಹೋದರು. ಆ ಗದ್ದೆಯನ್ನು ಮೂರು ತಲೆಮಾರಿನಿಂದ ಉತ್ತವರು ಶುಕ್ರನ ಮನೆಯವರು. ಈಗಲೂ ಕೆಸರಿನಲ್ಲಿ ಟ್ರ್ಯಾಕ್ಟರ್ ಓಡಿಸುವವನು ಶುಕ್ರನೇ. ನಾಲ್ಕು ಜನ ನೋಡುವ ರಸ್ತೆಗೆ ಬಂದಾಗ ಮಾತ್ರ ಸೀಟು ಒಡೇರದು. ನೇಗಿಲು ಸಿಕ್ಕಿಸುವಾಗಲೂ ಅವರೇ ಕೂರಬೇಕು.

ಟ್ರ್ಯಾಕ್ಟರಿನ ಹಿಂದೆ ಕಬ್ಬಿಣದ ಎರಡು ತೋಳುಗಳಿದ್ದವು. ಸೀಟಿನ ಪಕ್ಕದ ಹಿಡಿಕೆ ಎಳೆದರೆ ಅವು ಎಣ್ಣೆಯ ಒತ್ತಡಕ್ಕೆ ಮೇಲೇಳುತ್ತವೆ, ಬಿಟ್ಟರೆ ಇಳಿಯುತ್ತವೆ. ಒಬ್ಬ ಕೆಳಗೆ ನಿಂತು ತೋಳಿನ ತೂತನ್ನೂ ನೇಗಿಲಿನ ತೂತನ್ನೂ ಸರಿಹೊಂದಿಸಿ ಪಿನ್ನು ತೂರಿಸಬೇಕು. ಅವನ ಬೆರಳು ಅಲ್ಲಿರುವಷ್ಟು ಹೊತ್ತೂ ಹಿಡಿಕೆ ಇನ್ನೊಬ್ಬನ ಕೈಯಲ್ಲಿ. ಹಮ್ಮನ ಬೆರಳು ಒಳಗಿದ್ದಾಗ ಒಡೇರು ರಸ್ತೆಯಲ್ಲಿ ಹೋಗುತ್ತಿದ್ದ ಯಾರಿಗೋ ನಮಸ್ಕಾರ ಮಾಡಿದ್ದರು.

ಈ ಸಲ ನೀನು ಎಂದು ಒಡೇರು ಹೇಳಿದ ದಿನದಿಂದ ಶುಕ್ರನಿಗೆ ತನ್ನ ಕೈಯ ಮೇಲೇ ಕಣ್ಣು. ಗಂಜಿ ಉಣ್ಣುವಾಗ ಬೆರಳು ಮಡಚಿ ಬಿಡಿಸಿ ನೋಡುವನು. ಬೀಡಿ ಹಚ್ಚಿದರೆ ಸೇದಲು ಮರೆಯುವನು. ಲಕ್ಕಿ ಎರಡು ದಿನ ಅದನ್ನು ನೋಡಿದಳು. ಮೂರನೆಯ ದಿನ ಹೇಳಿದಳು:

"ನನ್ನಣ್ಣ ಈಗ ಒಬ್ನೇ ಲುಂಗಿ ಕಟ್ಕಂಬೂಕಾಗ್ದೆ ಅತ್ತಿಗೆನ ಕರೀತ. ನಿನ್ಗೆ ನಾ ಕಟ್ಟೂದಿಲ್ಲ, ಕೇಳ್ತಾ?"

ಆ ವಾರ ಟ್ರ್ಯಾಕ್ಟರಿನ ಎಣ್ಣೆ ಸೋರತೊಡಗಿತು. ಸೋರುವ ಗಾಡಿಯಲ್ಲಿ ನಾಲ್ಕು ಜನರ ಮುಂದೆ ಕೂರಲು ನಾಚಿ, ಒಡೇರು ಅದನ್ನು ಶುಕ್ರನ ಕೈಗೇ ಕೊಟ್ಟು ಕುಮಟೆಗೆ ಕಳಿಸಿದರು. ಅಲ್ಲಿ ದುರ್ಗಪ್ಪ ಮೀನು ಬೋಟುಗಳ ಎಂಜಿನ್ ರಿಪೇರಿ ಮಾಡುತ್ತಿದ್ದ. ದಿನವಿಡೀ ಡೀಸೆಲ್ಲಿನಲ್ಲಿ ಮುಳುಗಿರುವ ಮನುಷ್ಯ, ಮಾತು ಕಡಿಮೆ. ಅವನು ಸೋರುವ ಜಾಗ ಬಿಚ್ಚಿ ಕೂತಾಗ ಶುಕ್ರ ಕೇಳಿದ.

"ದುರ್ಗಪ್ಪಣ್ಣ, ಕೈ ಒಳಗಿಟ್ಟವನ ಹತ್ರವೇ ಹಿಡಿಕೆ ಇರೂಕಾಗದಾ?"

ದುರ್ಗಪ್ಪ ತಲೆಯೆತ್ತಿ ನೋಡಿದ. "ಯಾರ ಕೈ ಹೋತು?"

"ನನ್ನ ಹೆಂಡ್ತಿ ಅಣ್ಣಂದು."

ದುರ್ಗಪ್ಪ ಎದ್ದುಹೋಗಿ ಗುಜರಿ ರಾಶಿಯನ್ನು ಕಾಲಿನಿಂದ ಕೆದಕಿದ. ಕಲ್ಲು ಸಾಗಿಸುತ್ತಿದ್ದ ಯಾವುದೋ ಲಾರಿಯ ಹಳೇ ವಾಲ್ವು ಸಿಕ್ಕಿತು. ಸೀಮೆಎಣ್ಣೆಯಲ್ಲಿ ತೊಳೆದು, ಊದಿ, ಬೆಳಕಿಗೆ ಹಿಡಿದ. ಎರಡು ದಿನ ಕೂತು ತೋಳಿಗೆ ಎಣ್ಣೆ ಹೋಗುವ ಪೈಪಿನ ನಡುವೆ ಅದನ್ನು ಕೂರಿಸಿದ. ಸೀಟಿನ ಹಿಡಿಕೆಗೆ ಉದ್ದನೆಯ ಸಲಾಕೆ ಸೇರಿಸಿ, ಮಡ್‌ಗಾರ್ಡಿನ ಹೊರಗೆ ಇನ್ನೊಂದು ಹಿಡಿಕೆ ಮಾಡಿದ.

"ಈಗ ಚಕ್ರದ ಆಚೆ ನಿಂತೇ ಎತ್ತು, ಇಳ್ಸು. ತೂತು ಸಮಕ್ಕೆ ಬಂತಾ, ಈ ವಾಲ್ವು ಅಡ್ಡ ತಿರ್ಗ್ಸು. ಎಣ್ಣೆ ಹಿಂದೆ ಬರೂದಿಲ್ಲ. ಮತ್ತೆ ಸೀಟಿನಾಗೆ ಯಾವ ದೇವೇಂದ್ರ ಕೂತು ಎಳೆದ್ರೂ ತೋಳು ಅಲ್ಲಾಡೂದಿಲ್ಲ."

"ಎಷ್ಟು ಕೊಡ್ಬೇಕಾ?"

"ಹೋಗಾ. ಗುಜರಿ ಅದು."

ಶುಕ್ರ ಗಾಡಿಯನ್ನು ಒಡೇರ ಅಂಗಳಕ್ಕೆ ತಂದು ಒಬ್ಬನೇ ನೇಗಿಲು ಸಿಕ್ಕಿಸಿ ನೋಡಿದ. ಬಿಚ್ಚಿದ. ಮತ್ತೆ ಸಿಕ್ಕಿಸಿದ. ಯಾರನ್ನೂ ಕೂಗಬೇಕಾಗಲಿಲ್ಲ, ಯಾರ ಮುಖವನ್ನೂ ನೋಡಬೇಕಾಗಲಿಲ್ಲ. ಬಹಳ ದಿನಗಳ ಮೇಲೆ ಅವತ್ತು ಅವನು ಎರಡು ಸಲ ಅನ್ನ ಹಾಕಿಸಿಕೊಂಡ.

ಒಡೇರಿಗೆ ಅದು ತಿಳಿದದ್ದು ಹೊನ್ನಾವರದ ಬೀಗರು ಬಂದ ದಿನ. ಗಾಡಿ ತೋರಿಸುವ ಹುಮ್ಮಸ್ಸಿನಲ್ಲಿ ಒಡೇರು ಸೀಟು ಹತ್ತಿ, ಎತ್ತಿ ನಿಲ್ಲಿಸಿದ್ದ ನೇಗಿಲನ್ನು ಇಳಿಸಲು ಹೋದರು. ಅದು ಇಳಿಯಲಿಲ್ಲ. ಹಿಡಿಕೆ ಜಗ್ಗಿದರು, ಗುದ್ದಿದರು. ಶುಕ್ರ ಓಡಿಬಂದು ಹೊರಗಿನಿಂದ ವಾಲ್ವು ತಿರುಗಿಸಿದ. ನೇಗಿಲು ಮೆಲ್ಲಗೆ ನೆಲ ಮುಟ್ಟಿತು.

ಬೀಗರು ಹೊಟ್ಟೆ ಹಿಡಿದು ನಕ್ಕರು. "ಭಾವಾ, ಹಾಂಗಾದ್ರೆ ನೀವು ಮೇಲೆ ಕೂರೂದು ಎಂತಕೆ? ಗಾಡಿ ಆಳಿನ ಮಾತು ಕೇಳ್ತದೆ."

ಒಡೇರು ಇಳಿದುಬಂದು ಶುಕ್ರನ ಕೆನ್ನೆಗೆ ಹೊಡೆದರು. ಅಂಗಳದಲ್ಲಿ ಭತ್ತ ಹರಡುತ್ತಿದ್ದ ಹೆಂಗಸರು ಕೈ ನಿಲ್ಲಿಸಿದರು. ಅವರಲ್ಲಿ ಲಕ್ಕಿಯೂ ಇದ್ದಳು.

"ಯಾರಪ್ಪನ ಗಾಡಿ ಅಂತ ಮಾಡ್ದೆ ಸೂಳೆಮಗ್ನೆ? ನನ್ನ ಸೀಟಿಗೇ ಬೀಗ ಹಾಕ್ತ್ಯಾ? ಕೀಳು. ಈಗ್ಲೇ, ನನ್ನ ಕಣ್ಮುಂದೆ ಕೀಳು."

ಶುಕ್ರ ಪಾನಾ ತಂದು ಕಿತ್ತ. ಸಲಾಕೆ ಬಿಚ್ಚಿದ, ವಾಲ್ವು ತೆಗೆದ, ಹಳೇ ಪೈಪನ್ನೇ ಮತ್ತೆ ಕೂರಿಸಿದ. ಜೋಡಣೆಗೆ ಹಾಕಲು ಹೊಸ ವಾಷರ್ ಇರಲಿಲ್ಲ. ಅಲ್ಲಿ ಎಣ್ಣೆ ಜಿನುಗುತ್ತಿದ್ದುದನ್ನು ನೋಡಿ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಒಡೇರು ವಾಲ್ವನ್ನು ಗೊಬ್ಬರಗುಂಡಿಗೆ ಎಸೆದು ಬೀಗರ ಜೊತೆ ಒಳಗೆ ಹೋಗಿದ್ದರು.

ಮೂರು ದಿನ ಬಿಡದೆ ಮಳೆ ಹೊಯ್ದು ಗದ್ದೆ ತುಂಬಿತು. ನಾಟಿಗೆಂದು ಕಿತ್ತು ಕಟ್ಟಿದ ಸಸಿಯ ಸೂಡುಗಳು ಅಂಚಿನಲ್ಲಿ ಸಾಲಾಗಿ ಬಿದ್ದಿದ್ದವು. ಆಳುಗಳು ಹನ್ನೆರಡು ಜನ ಬಂದಿದ್ದರು, ಅವರಲ್ಲಿ ಲಕ್ಕಿಯೂ ಇದ್ದಳು; ಕೆಲಸವಿಲ್ಲದ ಹಮ್ಮನೂ ಬಂದು ಅಂಚಿನಲ್ಲಿ ನಿಂತಿದ್ದ. ನೇಗಿಲನ್ನು ಗದ್ದೆಯ ಬದಿಗೆ ತಂದು ಇಟ್ಟಾಗಿತ್ತು. ಒಡೇರು ಸೀಟಿನಲ್ಲಿ ಕೂತು ಟ್ರ್ಯಾಕ್ಟರನ್ನು ಹಿಂದಕ್ಕೆ ತಂದು ಕೂಗಿದರು.

"ಶುಕ್ರಾ, ಪಿನ್ನು ಹಾಕು."

"ನಾ ಹಾಕೂದಿಲ್ಲ ಒಡ್ಯಾ."

ಶುಕ್ರ ಹೇಳಿದ್ದು ಅಷ್ಟೇ. ಹೇಳಿ ಅಂಚಿನ ಮೇಲೆ ಕೂತ. ಒಡೇರು ಒಬ್ಬೊಬ್ಬರ ಹೆಸರು ಹಿಡಿದು ಕರೆದರು, ಒಬ್ಬೊಬ್ಬರ ತಾಯಿಯನ್ನೂ ಬೈದರು. ಮಂಜ ಕಾಲುಬೆರಳಿನಿಂದ ಕೆಸರು ಕೆದರುತ್ತ ನಿಂತ. ಈರ ಆಕಾಶ ನೋಡಿದ. ಯಾರೂ ಮುಂದೆ ಬರಲಿಲ್ಲ.

"ನೀವಿಲ್ದೆ ನನ್ನ ಗದ್ದೆ ಪಾಳು ಬೀಳ್ತದೆ ಅಂದ್ಕಂಡ್ರಾ? ನಾನೇ ಹಾಕ್ತೆ, ನೋಡಿ."

ಒಡೇರು ಪಂಚೆ ಎತ್ತಿ ಕಟ್ಟಿ ಇಳಿದರು. ಎಂಜಿನ್ ಗುರುಗುಡುತ್ತಲೇ ಇತ್ತು. ತೋಳು ನೇಗಿಲಿಗಿಂತ ನಾಲ್ಕು ಬೆರಳು ಕೆಳಗಿತ್ತು. ಹತ್ತಿಹೋಗಿ ಎತ್ತಿದರು, ಇಳಿದುಬಂದು ನೋಡಿದರು. ಈಗ ಎರಡು ಬೆರಳು ಮೇಲಿತ್ತು. ಮತ್ತೆ ಹತ್ತಿದರು. ಹೊರಗೊಂದು ಹಿಡಿಕೆ ಇದ್ದಿದ್ದರೆ ನಿಂತಲ್ಲೇ ಆಗುತ್ತಿದ್ದ ಕೆಲಸಕ್ಕೆ ಐದು ಸಲ ಹತ್ತಿ ಇಳಿದರು. ಬನಿಯನ್ ಮೈಗೆ ಅಂಟಿತ್ತು, ಉಸಿರು ಮೇಲೆ ಕೆಳಗೆ ಆಗುತ್ತಿತ್ತು. ಆರನೆಯ ಸಲ ತೂತು ಸಮಕ್ಕೆ ಬಂತು. ಒಡೇರು ಬಗ್ಗಿ, ಪಿನ್ನು ಎಡಗೈಯಲ್ಲಿ ಹಿಡಿದು, ಸರಿ ಉಂಟಾ ಎಂದು ನೋಡಲು ಬಲಗೈ ಬೆರಳನ್ನು ತೂತಿಗೆ ಹಾಕಿದರು.

ವಾಷರ್ ಇಲ್ಲದ ಜೋಡಣೆಯಿಂದ ಎಣ್ಣೆ ಜಿನುಗಿ ತೋಳು ಮೆಲ್ಲಗೆ ಇಳಿಯುತ್ತಿತ್ತು. ಅಂಚಿನಿಂದ ಶುಕ್ರನಿಗೆ ಅದು ಕಾಣುತ್ತಿತ್ತು. ಪಕ್ಕದಲ್ಲಿ ಹಮ್ಮ ನಿಂತಿದ್ದ. ಅವನಿಗೂ ಕಾಣುತ್ತಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಕೈ ತೆಗೀರಿ," ಎಂದು ಹಮ್ಮ ಕೂಗಿದ.

ಒಡೇರು ಹೌಹಾರಿ ಕೈ ಎಳೆದುಕೊಂಡರು. ಪಿನ್ನು ಕೆಸರಿಗೆ ಬಿತ್ತು. ಅವರು ಬೆರಳುಗಳನ್ನು ಮುಖದ ಹತ್ತಿರ ಹಿಡಿದು ತಿರುಗಿಸಿ ನೋಡಿಕೊಂಡರು. ಮರುಗಳಿಗೆಗೆ ಅದೇ ದನಿ ಬಂತು.

"ಬಾಯ್ಬಿಟ್ಟು ನೋಡ್ತಾ ನಿಂತ್ರಾ ಹಲ್ಕಟ್ ಮುಂಡೇವ? ಬನ್ನಿ, ಹಾಕಿ."

ಶುಕ್ರ ಎದ್ದ. ಕೆಸರು ತುಳಿಯುತ್ತ ಟ್ರ್ಯಾಕ್ಟರಿನ ಹತ್ತಿರ ಹೋದ. ಒಡೇರು ಬದಿಗೆ ಸರಿದು ದಾರಿ ಕೊಟ್ಟರು. ಅವನು ನೇಗಿಲಿನ ಬಳಿ ನಿಲ್ಲದೆ ಸೀಟು ಹತ್ತಿದ, ಎಂಜಿನ್ ನಿಲ್ಲಿಸಿ ಚಾವಿ ಕಿತ್ತುಕೊಂಡ. ಇಳಿದುಬಂದು ಅದನ್ನು ಲಕ್ಕಿಯ ಕೈಗೆ ಕೊಟ್ಟ. ಅವಳು ಸೆರಗಿನ ತುದಿಗೆ ಹಾಕಿ ಬಿಗಿಯಾಗಿ ಗಂಟು ಕಟ್ಟಿದಳು.

"ಕೊಡೇ ಅದ್ನ," ಎಂದರು ಒಡೇರು. "ಪೋಲೀಸ್ರನ್ನ ಕರ್ಸ್ತೆ. ಎಲ್ರನ್ನೂ ಒಳಗೆ ಹಾಕ್ಸ್ತೆ."

"ಕರ್ಸಿ," ಎಂದಳು ಲಕ್ಕಿ. "ಅವರ ಕೈಯಾಗೇ ಪಿನ್ನು ಹಾಕ್ಸಿ."

ಮಳೆ ಮತ್ತೆ ಹನಿಯಿತು. ಆಳುಗಳು ಕಂಬಳಿಕೊಪ್ಪೆ ತಲೆಗೆಳೆದುಕೊಂಡು ಸಸಿಸೂಡುಗಳ ಪಕ್ಕದಲ್ಲಿ ಸಾಲಾಗಿ ಕೂತರು. ಒಡೇರು ಕೊಡೆಯಿಲ್ಲದೆ ರಸ್ತೆಯ ಕಡೆ ದಾಪುಗಾಲು ಹಾಕಿದರು. ಅಲ್ಲಿ ಕುಮಟೆ ಕಡೆಗೆ ಹೋಗುವ ಲಾರಿಯೊಂದಕ್ಕೆ ಕೈ ಅಡ್ಡ ಹಿಡಿಯುತ್ತಿದ್ದುದು ಗದ್ದೆಯಿಂದ ಕಾಣುತ್ತಿತ್ತು. ಲಾರಿ ನಿಂತಿತು, ಅವರನ್ನು ಹತ್ತಿಸಿಕೊಂಡು ಹೋಯಿತು. ಯಾರೂ ಎದ್ದುಹೋಗಲಿಲ್ಲ. ಸಸಿಯ ತುದಿಗಳು ಆಗಲೇ ಹಳದಿಯಾಗತೊಡಗಿದ್ದವು.