ಓರಗಿತ್ತಿ ತಂದುಕೊಟ್ಟ ಮಾತ್ರೆ

ಬೆಳಿಗ್ಗೆ ಎದ್ದರೆ ದರ್ಜಿಯಕ್ಕನ ಬೆರಳುಗಳು ಮಡಚುತ್ತಿರಲಿಲ್ಲ. ಗಂಟುಗಳು ಊದಿ ಕತ್ತರಿ ಹಿಡಿಯುವುದೇ ಕಷ್ಟವಾಗಿತ್ತು. ಅವಳ ಹೊಟ್ಟೆಪಾಡೇ ಆ ಕೈ. ಡಾಕ್ಟರು ಸಂಧಿವಾತ ಎಂದು ಮಾತ್ರೆ ಬರೆದರು. ಅದನ್ನು ತಂದುಕೊಟ್ಟವಳು ಅದೇ ಆಸ್ಪತ್ರೆಯಲ್ಲಿ ನರ್ಸಾಗಿದ್ದ ಓರಗಿತ್ತಿ. ಎಡವಟ್ಟಾದದ್ದೇ ಅಲ್ಲಿ.

ತನಗಿಂತ ಚಿಕ್ಕವಳಾದ ಓರಗಿತ್ತಿಯನ್ನು ಕಂಡರೆ ದರ್ಜಿಯಕ್ಕನಿಗೆ ಹೊಟ್ಟೆಕಿಚ್ಚು. ಅತ್ತೆ ಒಂದು ಸಲ ಕೆಮ್ಮಿದರೂ ಮನೆಯವರೆಲ್ಲ ಚಿಕ್ಕವಳನ್ನೇ ಕರೆಯುವವರು. ದರ್ಜಿಯಕ್ಕ ಹೊಲಿದ ಬಟ್ಟೆ ತೊಟ್ಟುಕೊಂಡೇ ಚಿಕ್ಕವಳನ್ನು ಹೊಗಳುವವರು! ಸಾಲದ್ದಕ್ಕೆ, ಈ ಮಾತ್ರೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ ಎಂದು ಚಿಕ್ಕವಳೇ ಹೇಳಿದ್ದಳು. ನನ್ನನ್ನು ಮೂಲೆಗೆ ಕೂರಿಸುವ ಹುನ್ನಾರ ಎಂದುಕೊಂಡು ದರ್ಜಿಯಕ್ಕ ಮಾತ್ರೆ ಬಿಟ್ಟಳು. ಅಂಗಡಿಯಿಂದ ಶಕ್ತಿ ಹೆಚ್ಚಿಸುವ ಪುಡಿ ತಂದು ಗುಟ್ಟಾಗಿ ಕುಡಿದಳು.

ಕೆಲವೇ ವಾರಗಳಲ್ಲಿ ಮಣಿಕಟ್ಟೂ ಊದಿತು. ಕತ್ತರಿ ಜಾರಿ ಗಿರಾಕಿಯ ಹೊಸ ಬಟ್ಟೆ ಅಡ್ಡಡ್ಡ ಸೀಳಿಹೋಯಿತು. ಅವಳು ಮೇಜಿಗೊರಗಿ ಅಳುತ್ತಿದ್ದಾಗ ಓರಗಿತ್ತಿ ಒಳಗೆ ಬಂದಳು.

"ಅಕ್ಕಾ, ಮಾತ್ರೆ ತಗೊಳ್ತಿಲ್ವಾ?"

"ನಿನ್ನ ಮಾತ್ರೆ ನೀನೇ ನುಂಗು! ನನ್ನ ಶಕ್ತಿ ಕಂಡ್ರೆ ನಿಂಗ್ಯಾಕೆ ಕಣ್ಣುರಿ?"

"ನಿನ್ನ ಕೀಲು ಕಡೀತಿರೋದು ಹೊರಗಿನ ರೋಗಾಣು ಅಲ್ಲಕ್ಕಾ, ನಿನ್ನದೇ ಮೈಯೊಳಗಿನ ಕಾವಲು ಪಡೆ. ಎದೆಮೂಳೆ ಹಿಂದೆ ಥೈಮಸ್ ಅಂತ ಒಂದು ಗ್ರಂಥಿ ಇದೆ. ಟಿ ಕೋಶ ಅನ್ನೋ ಕಾವಲುಗಾರರು ಪಳಗೋದು ಅಲ್ಲೇ. ಸ್ವಂತ ಮೈಮೇಲೆ ಎರಗೋ ಕೋಶಗಳನ್ನ ಬಹುಪಾಲು ಅಲ್ಲೇ ಮುಗಿಸಿಬಿಡತ್ತೆ. ಒಂದಷ್ಟನ್ನ ಮಾತ್ರ ಜಗಳ ಬಿಡಿಸೋಕೆ ತಯಾರು ಮಾಡತ್ತೆ. ಅವೇ ನಿಯಂತ್ರಕ ಟಿ ಕೋಶಗಳು. ಉಳಿದವು ಮಿತಿಮೀರಿದ್ರೆ ಸಾಕು ನಿಲ್ಸಿ ಅಂತ ತಡೀತವೆ."

"ಮತ್ತೆ ನನ್ನೊಳಗಿನವು ನಿದ್ದೆ ಹೊಡೀತಿದ್ವಾ?"

"ಅವುಗಳ ಮಾತು ನಡೀತಿಲ್ಲ. ಅದಕ್ಕೇ ಮಾತ್ರೆ ಬೇಕು. ಪಡೆಗೆ ಇನ್ನೂ ಬಲ ಕೊಡೋದಲ್ಲ, ಹಿಡಿತ ಬೇಕಿರೋದು."

ದರ್ಜಿಯಕ್ಕ ಕಣ್ಣೊರೆಸಿಕೊಂಡಳು. "ತನ್ನವರನ್ನೇ ವೈರಿ ಅಂದ್ಕೊಳ್ಳೋದು, ನಂದೂ ಅದೇ ಬುದ್ಧಿ ಕಣೇ. ನಿನ್ನ ಕಂಡ್ರೆ ಉರ್ಕೊಂಡು ಸಾಯ್ತಿದ್ದೆ."

"ನಾನೇನು ಕಮ್ಮಿನಾ? ನಂಗೆ ಅಂಗಿಗೆ ಒಂದು ಗುಂಡಿ ಹೊಲಿಯೋಕೂ ಬರಲ್ಲ. ನಿನ್ನ ಕೈ ನೋಡಿ ನಂಗೂ ಉರೀತಿತ್ತು. ಆದ್ರೆ ಆ ಕೈ ಹಾಳಾಗೋದು ಮಾತ್ರ ನನ್ನಿಂದ ನೋಡೋಕಾಗಲ್ಲ ಅಕ್ಕಾ."

ಇಬ್ಬರೂ ಒಟ್ಟಿಗೆ ಆಸ್ಪತ್ರೆಗೆ ಹೋದರು. ದರ್ಜಿಯಕ್ಕ ಪುಡಿಯ ಗುಟ್ಟನ್ನೂ ಮುಚ್ಚಿಡದೆ ಹೇಳಿದಳು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಮಾತ್ರೆಯನ್ನು ಮತ್ತೆ ಶುರು ಮಾಡಿದರು. ಈಗ ಮರೆಯದಂತೆ ನೆನಪಿಸುವ ಕೆಲಸ ಅತ್ತೆಯದು.

ಕೇಳಿದಿರಲ್ಲ? ಬೆಳಿಗ್ಗೆ ಕೀಲುಗಳು ಊದಿ ಬಿಗಿಯುತ್ತಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ. ಕೊಟ್ಟ ಮಾತ್ರೆಯನ್ನು ನಿಮ್ಮಷ್ಟಕ್ಕೆ ನೀವೇ ನಿಲ್ಲಿಸಬೇಡಿ. ಶಕ್ತಿ ಹೆಚ್ಚಿಸುವ ಪುಡಿ ಯಾರೇ ಕೊಡಲಿ, ಡಾಕ್ಟರನ್ನು ಕೇಳದೆ ಬಾಯಿಗೆ ಹಾಕಬೇಡಿ. ಯಾರ ಮೇಲೆ ಎಷ್ಟೇ ಹೊಟ್ಟೆಕಿಚ್ಚಿರಲಿ, ಅದಕ್ಕೆ ನಿಮ್ಮ ಕೈಕಾಲನ್ನು ಬಲಿಕೊಡಬೇಡಿ.